ರಾತ್ರಿ ಫ್ಲೈಟ್ ಇದ್ರೆ ಬೆಳಗ್ಗೆ ನಂದಿ ಬೆಟ್ಟ: ಊರಿಂದ ಬರೋರಿಗೆ ಏರ್‌ಪೋರ್ಟ್ ಪ್ಲಾನ್

ಟಿಕೆಟ್ ಮಾಡಿಸಿಕೊಡೋ ಕೆಲಸದಲ್ಲಿ 28 ವರ್ಷ ಕಳ್ದೆ, ಕಾರ್ಬನ್ ಹಾಳೆಯ ಪೇಪರ್ ಟಿಕೆಟ್ ಕಾಲದಿಂದ. 2008ರ ಮೇ 24ಕ್ಕೆ ಬೆಂಗಳೂರಲ್ಲಿ ಎಚ್‌ಎಎಲ್ ಹಳೇ ಏರ್‌ಪೋರ್ಟ್ ಬಿಟ್ಟು ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು, ಸುಮಾರು ಒಂದೇ ವಾರಕ್ಕೆ ಪೇಪರ್ ಟಿಕೆಟೂ ನಿಂತೋಯ್ತು. ಆದ್ರೆ ಅರಸೀಕೆರೆ, ಚಿತ್ರದುರ್ಗ ಕಡೆಯಿಂದ ಬರೋ ನಮ್ಮ ಜನ ಮಾತ್ರ ಇವತ್ತಿಗೂ ಹಾಗೇ, ಒಂದೋ ರಾತ್ರಿ ಫ್ಲೈಟಿಗೆ ಬೆಳಗ್ಗೆನೇ ಬಂದು ಬಾಗಿಲ ಹೊರಗೆ ಸೂಟ್‌ಕೇಸ್ ಕಾಯ್ಕೊಂಡು ಕೂತಿರ್ತಾರೆ, ಇಲ್ಲಾಂದ್ರೆ ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಬೆವರ್ತಿರ್ತಾರೆ.

ಮೊದಲು ತಾರೀಕು ನೋಡಿ. ಟಿಕೆಟಲ್ಲಿ 25ನೇ ತಾರೀಕು 00:40 ಅಂತಿದ್ರೆ ನೀವು ಏರ್‌ಪೋರ್ಟಲ್ಲಿ ಇರ್ಬೇಕಾದ್ದು 24ರ ರಾತ್ರಿ. ನನ್ನ ಕೈಲೇ ಒಂದ್ಸಲ ಎಡವಟ್ಟಾಗಿದೆ. ಮಗಳ ಬಾಣಂತನಕ್ಕೆ ಹೊರಟಿದ್ದ ಗಂಡ ಹೆಂಡ್ತಿ 25ರ ರಾತ್ರಿ ಒಂಬತ್ತಕ್ಕೆ ಏರ್‌ಪೋರ್ಟಿಂದ ಫೋನ್ ಮಾಡಿದ್ರು, ಫ್ಲೈಟ್ ಹೋಗಿ ಇಪ್ಪತ್ತು ಗಂಟೆ ಆಗಿತ್ತು! ಟಿಕೆಟಲ್ಲಿ ಸರಿಯಾಗೇ ಇತ್ತು, ಬಾಯಿಬಿಟ್ಟು ಹೇಳದೇ ಇದ್ದಿದ್ದು ನನ್ನ ತಪ್ಪು. ಆಮೇಲಿಂದ ಟಿಕೆಟ್ ಪ್ರಿಂಟ್ ಮೇಲೆ ಪೆನ್ನಲ್ಲೇ "24ರ ಸಂಜೆ ಊಟ ಮುಗಿಸಿ ಹೊರಡಿ" ಅಂತ ಬರ್ದು ಕೊಡೋಕೆ ಶುರುಮಾಡ್ದೆ.

ಎರಡನೇದು ಹೆಸರು. ನಮ್ಮಲ್ಲಿ ಇನಿಷಿಯಲ್ ಕಾಟ ಜಾಸ್ತಿ, ಆಧಾರಲ್ಲಿ ಒಂದು ಥರ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಇನ್ನೊಂದು ಥರ. ಫಾರಿನ್ ಟಿಕೆಟ್‌ಗೆ ಪಾಸ್‌ಪೋರ್ಟಲ್ಲಿ ಇರೋದೇ ವೇದವಾಕ್ಯ, ಒಂದಕ್ಷರ ಆಚೀಚೆ ಬೇಡ. ಸರ್‌ನೇಮ್ ಜಾಗ ಖಾಲಿ ಬಿಟ್ಟಿರೋರು ದುಬೈಗೆ ವಿಸಿಟ್ ವೀಸಾದಲ್ಲಿ ಹೋಗೋದಾದ್ರೆ ಟಿಕೆಟ್‌ಗೆ ದುಡ್ಡು ಹಾಕೋ ಮುಂಚೆನೇ ವಿಚಾರಿಸ್ಕೊಳಿ, 2022ರ ನವೆಂಬರಿಂದ ಅಲ್ಲಿ ಒಂಟಿ ಹೆಸರಿಗೆ ತಕರಾರು ಇದೆ.

ಇನ್ನು ಪ್ಯಾಕಿಂಗ್, ಜಗಳ ಎಲ್ಲಾ ಶುರುವಾಗೋದೇ ಇಲ್ಲಿ. ತಿಪಟೂರು ಕಡೆಯೋರು ಮಗನಿಗೆ ಅಂತ ಒಣ ಕೊಬ್ಬರಿ ತುಂಬ್ಕೊಂಡು ಬರ್ತಾರೆ, ಏರ್‌ಪೋರ್ಟಲ್ಲಿ ಚೆಕ್ ಮಾಡೋರು ಅದನ್ನ ತೆಗೆದು ಪಕ್ಕಕ್ಕಿಡ್ತಾರೆ, ಯಾಕಂದ್ರೆ ಕೊಬ್ಬರೀಲಿ ಎಣ್ಣೆ ಇರುತ್ತೆ, ತಾನೇ ಬಿಸಿಯಾಗಿ ಹೊತ್ಕೊಳ್ಳೋ ಸಾಮಾನು ಅಂತ ಲೆಕ್ಕ. ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಬಿಡಲ್ಲ, ಮುಚ್ಚಳಕ್ಕೆ ಟೇಪ್ ಸುತ್ತಿ ಎರಡು ಕವರ್ ಹಾಕಿ, ಇಲ್ಲಾಂದ್ರೆ ಸೀರೆಗಳ ಗತಿ ದೇವರೇ ಕಾಪಾಡ್ಬೇಕು. ಪವರ್‌ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರ್ಬೇಕು. 20,000 ಎಂಎಎಚ್‌ದು ಆರಾಮಾಗಿ ಹೋಗುತ್ತೆ, ಮಿತಿ ಇರೋದು 100 ವ್ಯಾಟ್ ಅವರ್‌ಗೆ, ಇದು ಅದಕ್ಕಿಂತ ಕಮ್ಮಿನೇ. ಬೆಂಕಿಪೊಟ್ಟಣ, ಲೈಟರ್ ಎಲ್ಲೂ ಬೇಡ. ದೇಶದೊಳಗೆ ಸಾಮಾನ್ಯವಾಗಿ ದೊಡ್ಡ ಬ್ಯಾಗಿಗೆ 15 ಕೆಜಿ, ಕೈಚೀಲಕ್ಕೆ 7, ಮನೇಲೇ ತೂಕ ನೋಡ್ಕೊಳಿ.

ಈಗ ನನಗಿಷ್ಟದ ವಿಷಯಕ್ಕೆ ಬರ್ತೀನಿ. ಬೆಳಗ್ಗೆ ಐದಕ್ಕೆ ಮೆಜೆಸ್ಟಿಕ್ಕಲ್ಲಿ ಇಳಿದ್ರಿ, ಫ್ಲೈಟ್ ರಾತ್ರಿ ಅಂತಿಟ್ಕೊಳಿ. ಕೆಐಎ-9 ವಾಯುವಜ್ರ ಏರ್‌ಪೋರ್ಟ್ ಬಸ್ ಹತ್ತಿ (ಮೈಸೂರಿನೋರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಇದೆ), ಏರ್‌ಪೋರ್ಟಲ್ಲಿ ದುಡ್ಡು ಕೊಟ್ಟು ಲಗೇಜ್ ಇಡೋ ಜಾಗದಲ್ಲಿ ಬ್ಯಾಗ್ ಇಟ್ಟು, ದಿನಕ್ಕಿಷ್ಟು ಅಂತ ಮಾತಾಡಿ ಟ್ಯಾಕ್ಸಿ ಮಾಡ್ಕೊಳಿ. ಪಾಸ್‌ಪೋರ್ಟ್ ಮಾತ್ರ ಮೈಮೇಲೇ ಇರ್ಲಿ.

ಮೊದ್ಲು ನಂದಿ ಬೆಟ್ಟ, ಬಿಸಿಲೇರೋದ್ರೊಳಗೆ. 1,478 ಮೀಟರ್ ಎತ್ತರ, ಚಳಿಗಾಲದಲ್ಲಿ ಮಂಜು ಗ್ಯಾರಂಟಿ ಅನ್ನೋ ಹಾಗೆ, ಅದೇ ಮಂಜು ಕೆಳಗೆ ಬೆಳಗಿನ ಫ್ಲೈಟುಗಳನ್ನೂ ಲೇಟ್ ಮಾಡ್ಸುತ್ತೆ. ವೀಕೆಂಡ್ ಮಾತ್ರ ಬೇಡ್ವೇ ಬೇಡ, ಕಾರಿನ ಸಾಲಲ್ಲೇ ದಿನ ಹೋಗುತ್ತೆ. ಚುರುಮುರಿ ಪೊಟ್ಟಣ ಕೈಯಲ್ಲಿ ಹಿಡ್ಕೊಂಡು ಓಡಾಡ್ಬೇಡಿ, ಕೋತಿಗಳು ಕೇಳಿ ತಗೊಳಲ್ಲ. ಬೆಟ್ಟಕ್ಕಿಂತ ನನಗೆ ಕೆಳಗಿನ ಭೋಗನಂದೀಶ್ವರ ದೇವಸ್ಥಾನನೇ ಹೆಚ್ಚು ಇಷ್ಟ, ಒಂಬತ್ತನೇ ಶತಮಾನದಿಂದ ಬೆಳ್ಕೊಂಡು ಬಂದಿರೋ ಗುಡಿ, ಕಲ್ಯಾಣಿ ಮೆಟ್ಟಿಲ ಮೇಲೆ ಕೂತ್ರೆ ಫ್ಲೈಟ್ ಟೆನ್ಷನ್ನೇ ಮರ್ತೋಗುತ್ತೆ (ಮೊಬೈಲಲ್ಲಿ ಅಲಾರಂ ಇಟ್ಕೊಳಿ!). ವಿಶ್ವೇಶ್ವರಯ್ಯನೋರ ಮುದ್ದೇನಹಳ್ಳಿನೂ ಅಲ್ಲೇ ಹತ್ರ.

ವಾಪಸ್ ಬರ್ತಾ ದೇವನಹಳ್ಳಿ ಕೋಟೆ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದ ಮಣ್ಣಿನ ಕೋಟೆ, ಹೈದರ್ ಕಾಲದಲ್ಲಿ ಕಲ್ಲಿನದಾಯ್ತು, ಟಿಪ್ಪು ಹುಟ್ಟಿದ ಜಾಗನೂ ಪಕ್ಕದಲ್ಲೇ. ಸೀಸನ್ ಆದ್ರೆ ಚಕೋತ ತಗೊಳಿ, ಈ ಊರಿಂದೇ ಅಂತ ಗುರುತು ಕೊಡೋ ಜಿಐ ಟ್ಯಾಗ್ ಇರೋ ಹಣ್ಣು, ಫಾರಿನ್‌ಗೆ ಹೋಗೋರು ಇಲ್ಲೇ ತಿಂದು ಮುಗಿಸಿ, ಎಷ್ಟೋ ದೇಶದವ್ರು ಹಣ್ಣು ಒಳಗೆ ಬಿಡಲ್ಲ.

ಫಾರಿನ್ ಆದ್ರೆ ಮೂರು ಗಂಟೆ ಮುಂಚೆ, ಇಲ್ಲೇ ಡೆಲ್ಲಿ ಬಾಂಬೆ ಆದ್ರೆ ಎರಡು ಗಂಟೆ ಮುಂಚೆ ಏರ್‌ಪೋರ್ಟಲ್ಲಿರಿ, ಡೊಮೆಸ್ಟಿಕ್ ಕೌಂಟರ್ ಒಂದು ಗಂಟೆ ಮುಂಚೆನೇ ಮುಚ್ಚುತ್ತೆ. ಫಾರಿನ್ ಫ್ಲೈಟುಗಳು ಟರ್ಮಿನಲ್ 2ರಿಂದ, ಡೊಮೆಸ್ಟಿಕ್‌ದು ಟಿಕೆಟ್ ನೋಡಿ ಡ್ರೈವರಿಗೆ ಮೊದಲೇ ಹೇಳಿ. ವಿಮಾನ ಇಳಿಯೋವಾಗ ಕಿವಿ ಗುಯ್ ಅಂದ್ರೆ ಗಾಬರಿ ಬೇಡ, ಜೇಬಲ್ಲಿ ನಾಲ್ಕು ಪೆಪ್ಪರ್‌ಮೆಂಟ್ ಇಟ್ಕೊಂಡಿರಿ, ಚೀಪ್ತಾ ಕೂತ್ರೆ ಸರಿಹೋಗುತ್ತೆ.