ನೋಟ್‌ಬುಕ್ ಜೇಬಿಗಿಟ್ಟ ಮೇಲೆ

ಮಂಡ್ಯದ ರಾಜಕೀಯ ವರದಿಗಾರನಿಗೆ ಸುದ್ದಿಗೆ ಬರ ಇಲ್ಲ. ಕಾವೇರಿ ನೀರು, ಕಬ್ಬಿನ ಬಾಕಿ, ಮೈಷುಗರ್ ಕಾರ್ಖಾನೆ, ಯಾವುದನ್ನು ಹಿಡಿದರೂ ರಾಜಕೀಯಕ್ಕೇ ಬಂದು ನಿಲ್ಲುತ್ತದೆ. ಆದರೆ ಯಾರ ಮಾತು ಕೇಳಬೇಕು ಅನ್ನೋದು ನನಗೆ ಗೊತ್ತಾಗಿದ್ದು 2019ರಲ್ಲಿ.

2018ರ ವಿಧಾನಸಭೆ ಚುನಾವಣೆಯಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್‌ಗೆ ಬಂದಿದ್ದವು. ಮರುವರ್ಷ ಲೋಕಸಭೆಗೆ ಆ ಪಕ್ಷದಿಂದ ನಿಖಿಲ್ ಕುಮಾರಸ್ವಾಮಿ, ಜೊತೆಗೆ ಕಾಂಗ್ರೆಸ್ ಮೈತ್ರಿ. ಎದುರಿಗೆ ಪಕ್ಷೇತರರಾಗಿ ಸುಮಲತಾ, ಅವರಿಗೆ ಬಿಜೆಪಿ ಬೆಂಬಲ. ನಾನು ಹಳೆಯ ಮತಗಳನ್ನು ಕೂಡಿ ಕಳೆದು, ಮುಖಂಡರ ಮನೆ ಸುತ್ತಿ, ಮೈತ್ರಿಯ ಕೈ ಮೇಲು ಅಂತ ಬರೆದೆ.

ಅದೇ ವಾರ ಪಾಂಡವಪುರ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಬೆಳಗ್ಗೆ ಆರೂವರೆ. ಡೈರಿ ಮುಂದೆ ಹಾಲು ಹಾಕೋಕೆ ಹೆಂಗಸರು ಸಾಲಾಗಿ ನಿಂತಿದ್ದರು. ನೋಟ್‌ಬುಕ್ ಹಿಡಿದು ಒಬ್ಬ ತಾಯಿಯನ್ನು ಕೇಳಿದೆ. 'ಯಾರಿಗೋ ಒಬ್ರಿಗೆ ಹಾಕ್ತೀವಿ ಬುಡಪ್ಪ' ಅಂದು ಕ್ಯಾನಿನ ಮುಚ್ಚಳ ಒತ್ತಿದರು. ನೋಟ್‌ಬುಕ್ ಜೇಬಿಗಿಟ್ಟೆ. ಹಾಲಿನ ಫ್ಯಾಟು, ಹಿಂಡಿ ಬೂಸದ ರೇಟು, ಅದೇ ಮಾತಾಯಿತು. ಹಾಲು ಅಳೆಸಿ, ಖಾಲಿ ಕ್ಯಾನು ಸೊಂಟಕ್ಕೆ ಇಟ್ಟುಕೊಂಡ ಮೇಲೆ ಅವರೇ ಹತ್ತಿರ ಬಂದರು. 'ನಮ್ಮನೆಯೋರು ಒಂದ್ಕಡೆ ಅಂದವ್ರೆ, ನಾನು ಸುಮಲತಮ್ಮನ ಕಡೆ. ಅವ್ರಿಗೆ ಹೇಳ್ಬುಟ್ಟೀಯ ಮತ್ತೆ!'

ಒಬ್ಬರ ಮಾತು, ಅದರಿಂದ ಏನಾದೀತು ಅಂತ ನಾನು ಅದನ್ನು ಬರೆಯಲೇ ಇಲ್ಲ. ಇನ್ನೂ ನಾಲ್ಕು ಹಳ್ಳಿಯ ಡೈರಿ ಮುಂದೆ ನಿಂತು ಕೇಳಬೇಕಿತ್ತು, ಅದನ್ನೂ ಮಾಡಲಿಲ್ಲ. ಮೇ 23ಕ್ಕೆ ಫಲಿತಾಂಶ ಬಂತು. ಸುಮಲತಾ 1,25,876 ಮತಗಳ ಅಂತರದಲ್ಲಿ ಗೆದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ವರದಿ ನಂಬಿದ ಓದುಗರಿದ್ದರು, ಅಲ್ವಾ?

ಆಮೇಲೆ ಕೆಲಸದ ರೀತಿ ಬದಲಾಯಿಸಿದೆ. ಮೊದಲು ಡೈರಿ, ಆಲೆಮನೆ, ಸಂತೆ. ಮುಖಂಡರ ಮನೆ ಕೊನೆಗೆ. 'ಯಾರಿಗೆ ಹಾಕ್ತೀರಿ' ಅಂತ ಕೇಳೋದನ್ನೇ ಬಿಟ್ಟೆ. 'ಮನೇಲಿ ಏನು ಮಾತಾಡ್ಕೊಳ್ತೀರಿ' ಅಂತ ಕೇಳುತ್ತೇನೆ. ಜನರ ಎದುರು ಏನೂ ಬರೆದುಕೊಳ್ಳುವುದಿಲ್ಲ. ಊರು ದಾಟಿ, ಬೈಕ್ ನಿಲ್ಲಿಸಿ, ಕೇಳಿದ್ದನ್ನು ಕೇಳಿದ ಹಾಗೇ ಬರೆದಿಡುತ್ತೇನೆ. ಹೆಸರು ಮಾತ್ರ ಬರೆಯಲ್ಲ. ಒಂದೇ ಊರಿಗೆ ಮೂರು ಸಲವಾದರೂ ಹೋಗುತ್ತೇನೆ, ಏಕೆಂದರೆ ಮೊದಲ ಸಲ ಜನ ಮರ್ಯಾದೆಗೆ ಮಾತಾಡುತ್ತಾರೆ.

ಎಣಿಕೆ ಮುಗಿದ ಮೇಲೆ ಫಾರಂ 20 ತರುತ್ತೇನೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋದು ಅದರಲ್ಲಿರುತ್ತದೆ. ನನ್ನ ಟಿಪ್ಪಣಿ ಪಕ್ಕಕ್ಕಿಟ್ಟು, ಊರೂರು ನೋಡುತ್ತಾ, ತಪ್ಪಿದ ಕಡೆ ಕೆಂಪು ಗೆರೆ ಎಳೆಯುತ್ತೇನೆ. ಮುಂದಿನ ಚುನಾವಣೆಗೆ ಮೊದಲು ಹೋಗೋದು ಆ ಊರುಗಳಿಗೇ.