ಅವ್ವನ ಮೊಣಕಾಲಿಗೆ ಲಕ್ಕಿ ಎಣ್ಣೆ

ಗಂಗಾವತಿ ಕಡೆ ಭತ್ತದ ನಾಟಿ ಮುಗಿಯುವ ಹೊತ್ತಿಗೆ ಸೊಂಟ, ಮೊಣಕಾಲು ಹಿಡಿಯದ ಹೆಣ್ಣುಮಕ್ಕಳು ಸಿಗುವುದೇ ಅಪರೂಪ. ದಿನವಿಡೀ ಕೆಸರಿನಲ್ಲಿ ಬಗ್ಗಿ ದುಡಿದ ನಮ್ಮವ್ವನಿಗೆ ವಯಸ್ಸಾದಂತೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಮೊಣಕಾಲು ಸವೆದಿದೆ ಎಂದ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಅದರ ಜೊತೆಗೆ ನಾನು ಲಕ್ಕಿ ಎಣ್ಣೆ ಕಾಸುತ್ತ ಬಂದಿದ್ದೇನೆ.

ಲಕ್ಕಿ ಗಿಡ ಹಳ್ಳದ ದಂಡೆಯಲ್ಲಿ ತಾನಾಗಿಯೇ ಬೆಳೆಯುತ್ತದೆ. ಒಂದು ತೊಟ್ಟಿಗೆ ಮೂರೋ ಐದೋ ಎಲೆ, ಹಿಂಬದಿ ಬೂದುಬಿಳುಪು, ಹಿಸುಕಿದರೆ ಘಾಟು. ಕೀಟನಾಶಕ ಹೊಡೆದ ಗದ್ದೆಯ ಬದುವಿನ ಸೊಪ್ಪು ಮಾತ್ರ ಮುಟ್ಟುವುದಿಲ್ಲ.

ಸೊಪ್ಪು ತೊಳೆದು, ರುಬ್ಬಿ, ಬಟ್ಟೆಯಲ್ಲಿ ಹಿಂಡುತ್ತೇನೆ. ಒಂದು ಪಾಲು ಎಳ್ಳೆಣ್ಣೆಗೆ ನಾಲ್ಕು ಪಾಲು ರಸ, ಸ್ವಲ್ಪ ಅರೆದ ಸೊಪ್ಪು, ಸಣ್ಣ ಉರಿ. ಇಲ್ಲಿ ಅವಸರ ನಡೆಯದು. ನೀರಿನಂಶ ಉಳಿದರೆ ಎಣ್ಣೆ ಕೆಡುತ್ತದೆ, ಉರಿ ಹೆಚ್ಚಾದರೆ ಗಸಿ ತಳ ಹಿಡಿದು ಸೀಯುತ್ತದೆ. ಚಟಪಟ ಸದ್ದು ಇಳಿಯುತ್ತ ಬಂದಂತೆ ಮೇಲೆ ನೊರೆ ಏಳುತ್ತದೆ. ಆಗ ಚೂರು ಗಸಿ ತೆಗೆದು, ಆರಿಸಿ, ಬೆರಳಲ್ಲಿ ಹೊಸೆಯುತ್ತೇನೆ. ಅಂಟದೆ ಬತ್ತಿಯಂತೆ ಸುತ್ತಿಕೊಳ್ಳಬೇಕು. ಬೆಂಕಿಗೆ ಹಿಡಿದರೆ ಚಟಗುಟ್ಟದೆ ಉರಿಯಬೇಕು. ಅಲ್ಲಿಗೆ ಇಳಿಸಿ ಸೋಸಿ, ಒಣಗಿದ ಗಾಜಿನ ಸೀಸೆಗೆ ತುಂಬುತ್ತೇನೆ.

ರಾತ್ರಿ ಉಗುರುಬೆಚ್ಚಗೆ ಮಾಡಿ ಹಗುರಕ್ಕೆ ತಿಕ್ಕುತ್ತೇನೆ. ಆಮೇಲೆ ಲಕ್ಕಿ, ಹುಣಸೆ, ಔಡಲ ಸೊಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ. ಗಂಟನ್ನು ಮೊದಲು ನನ್ನ ಕೈಗೆ ಒತ್ತಿ ನೋಡಿಯೇ ಅವ್ವನ ಕಾಲಿಗೆ. ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಮಂದಿಗೆ ಕಾಲಿನ ಸ್ಪರ್ಶ ಮಂದವಾಗಿರುತ್ತದೆ, ಸುಟ್ಟದ್ದೇ ತಿಳಿಯದು. ಬೆಳಗಿನ ಬಿಗಿತ ಸಡಿಲಾಗಿ ಅವ್ವ ಅಂಗಳಕ್ಕೆ ಆರಾಮಾಗಿ ನಡೆಯುತ್ತಾಳೆ. ಸವೆದ ಕೀಲು ಮತ್ತೆ ಬೆಳೆಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಎಕ್ಕೆ ಎಲೆ ಕಟ್ಟುವವರೂ ಇದ್ದಾರೆ. ಅದರ ಹಾಲು ಕಣ್ಣಿಗೆ ತಾಗಿದರೆ ಅಪಾಯ. ಮಕ್ಕಳು ಓಡಾಡುವ ಮನೆಯಲ್ಲಿ ನನಗದು ಬೇಡವೇ ಬೇಡ. ಸಂತೆಯ ‘ಒಂದೇ ದಿನದಲ್ಲಿ ನೋವು ಮಾಯ’ ಪುಡಿಗಳನ್ನಂತೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ; ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿದ್ದುಂಟು.

ಪಕ್ಕದ ಓಣಿಯವಳೊಬ್ಬಳು ಬಂದು, “ಯಕ್ಕಾ, ನನಗೂ ಒಂದು ಸೀಸೆ ಕೊಡು” ಅಂದಳು. ಎರಡೂ ಕೈಯ ಬೆರಳ ಗೆಣ್ಣು ಊದಿದ್ದವು, ಮುಟ್ಟಿದರೆ ಬಿಸಿ. ಬೆಳಿಗ್ಗೆ ತಾಸುಗಟ್ಟಲೆ ಮುಷ್ಟಿ ಕಟ್ಟಲಾಗುವುದಿಲ್ಲವಂತೆ. ಇದು ದುಡಿಮೆಯ ನೋವಲ್ಲ, ಕೀಲುಗಳು ಉರಿಯೂತದಿಂದ ಊದುವ ರುಮಟಾಯ್ಡ್ ಸಂಧಿವಾತ ಇರಬಹುದು, ತಡವಾದರೆ ಬೆರಳು ಸೊಟ್ಟಗಾಗುತ್ತವೆ ಎಂದು ಹೇಳಿದೆ. “ಎಣ್ಣಿ ಎಲ್ಲಿ ಹೋಗ್ತದವ್ವಾ? ಮೊದಲ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಾ” ಅಂದು ಆಸ್ಪತ್ರೆಗೆ ಕಳಿಸಿದೆ.