ಹಿಂದಿನ ಶಾಕ್ ಕೊಳ್ಳುವ ಮೊದಲು ಅಳತೆ ತೆಗೆಯಿರಿ

ಗೆಳೆಯರೊಬ್ಬರು ತಮ್ಮ ಎಂಟಿಬಿಗೆ (ಮೌಂಟನ್ ಬೈಕ್, ಗುಡ್ಡಗಾಡಿನ ಸೈಕಲ್) ಹೊಸ ಶಾಕ್, ಅಂದರೆ ಹಿಂದಿನ ಚಕ್ರದ ಕುಲುಕು ತಡೆಯುವ ಭಾಗ, ಹಾಕಿಸಿಕೊಂಡು ಬೆಂಗಳೂರಿನ ತುರಹಳ್ಳಿ ಕಾಡಿಗೆ ಬಂದಿದ್ದರು. ಬಂಡೆ ಇಳಿಯುವಾಗ ಹಿಂದಿನ ಟೈರ್ ಸೀಟಿನ ಕೆಳಗಿನ ಪೈಪಿಗೆ ಬಡಿದು ಚಕ್ರ ಗಕ್ಕನೆ ನಿಂತಿತು. ಬಿದ್ದು ಭುಜಕ್ಕೆ ಪೆಟ್ಟು ಮಾಡಿಕೊಂಡರು. ಶಾಕ್ ಒಳ್ಳೆಯದೇ, ದುಬಾರಿಯದೇ. ಅವರ ಫ್ರೇಮಿಗೆ ಬೇಕಿದ್ದ ಅಳತೆ 210×50 ಮಿ.ಮೀ., ಹಾಕಿದ್ದು 210×55. ಅಂಗಡಿಯವರು ಅಳೆದಿರಲಿಲ್ಲ, ಇವರು ಕೇಳಿರಲಿಲ್ಲ. ಇದೇ ತಪ್ಪನ್ನು ಬೇರೆಯವರೂ ಮಾಡಿದ್ದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪ್ರಿಂಗಿನ ಮೇಲೆ 750, 850 ಪೌಂಡ್ ಎಂದು ದಪ್ಪಗೆ ಬರೆದಿರುವ ಅಗ್ಗದ ಡಬಲ್ ಸಸ್ಪೆನ್ಷನ್ ಸೈಕಲ್‌ಗಳಿವೆಯಲ್ಲ, ಅವಕ್ಕೆ ಒಳ್ಳೆಯ ಶಾಕ್ ಹಾಕಬೇಡಿ. ಅಲ್ಲಿ ಶಾಕ್ ಒಂದೇ ಅಲ್ಲ, ಫ್ರೇಮಿನ ಕೀಲುಗಳೂ ಸಡಿಲ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಒಳ್ಳೆಯ ಹಾರ್ಡ್‌ಟೇಲ್ ತೆಗೆದುಕೊಳ್ಳಿ.

ಅಳತೆ

ಶಾಕ್‌ಗೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಉದ್ದ: ಒಂದು ಬೋಲ್ಟಿನ ನಡುಬಿಂದುವಿನಿಂದ ಇನ್ನೊಂದರ ನಡುಬಿಂದುವಿಗೆ. ಎರಡನೆಯದು ಸ್ಟ್ರೋಕ್, ಅಂದರೆ ಶಾಕ್ ಎಷ್ಟು ಮಿಲಿಮೀಟರ್ ಒಳಗೆ ಹೋಗುತ್ತದೆ ಎಂಬುದು. ಎಲ್ಲರೂ ಎಡವುವುದು ಇಲ್ಲಿ. 210×50 ಮತ್ತು 210×55 ಹೊರಗಿನಿಂದ ನೋಡಲು ಒಂದೇ ಥರ ಇರಬಹುದು. ಒಳಗೆ ಕೂರಿಸಿದ ಚಿಕ್ಕ ಸ್ಪೇಸರ್ ಸ್ಟ್ರೋಕ್ ಅನ್ನು ಕಡಿಮೆ ಮಾಡಿರುತ್ತದೆ. ಕಣ್ಣಳತೆಯಲ್ಲಿ ಇದು ಗೊತ್ತಾಗುವುದೇ ಇಲ್ಲ.

5 ಮಿ.ಮೀ. ತಾನೇ ಅನ್ನಬೇಡಿ. 50 ಮಿ.ಮೀ. ಸ್ಟ್ರೋಕಿಗೆ ಹಿಂದಿನ ಚಕ್ರ 125 ಮಿ.ಮೀ. ಮೇಲೇಳುತ್ತದೆ ಅಂದುಕೊಳ್ಳಿ. ಎರಡೂವರೆ ಪಟ್ಟು ಆಯಿತು. ಶಾಕ್‌ನಲ್ಲಿ 5 ಮಿ.ಮೀ. ಹೆಚ್ಚಾದರೆ ಚಕ್ರ ಹೆಚ್ಚುಕಮ್ಮಿ 12 ಮಿ.ಮೀ. ಜಾಸ್ತಿ ಬರುತ್ತದೆ. ಟೈರ್ ಪೈಪಿಗೆ ತಾಗಲು ಅಷ್ಟು ಸಾಕು.

ನಿಮ್ಮ ಅಳತೆ ತಿಳಿಯಲು ಮೊದಲು ಫ್ರೇಮ್ ಕಂಪನಿಯ ಕೈಪಿಡಿ ನೋಡಿ. ಅದೇ ನಂಬಿಕೆಯ ದಾರಿ. ಅದು ಸಿಗದಿದ್ದರೆ, ಗಾಳಿಯ ಶಾಕ್ ಆದರೆ, ಅದರಲ್ಲಿ ಗಾಳಿ ತುಂಬಿರುವಾಗ ಬೋಲ್ಟಿನಿಂದ ಬೋಲ್ಟಿಗೆ ಅಳೆಯಿರಿ. ಗಾಳಿ ನಿಧಾನಕ್ಕೆ ಬಿಟ್ಟು, ಶಾಕ್ ಪೂರ್ತಿ ಒತ್ತಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಸ್ಟ್ರೋಕ್. ಆದರೆ ಈಗಿರುವ ಶಾಕ್ ಸೈಕಲ್ಲಿನ ಜೊತೆಗೇ ಬಂದದ್ದಾಗಿರಬೇಕು. ಸೆಕೆಂಡ್ ಹ್ಯಾಂಡ್ ಸೈಕಲ್ ಆದರೆ ಹಿಂದಿನ ಮಾಲೀಕರೇ ತಪ್ಪು ಶಾಕ್ ಹಾಕಿರಬಹುದು, ಅಲ್ವಾ?

ಫ್ರೇಮಿನ ವಯಸ್ಸನ್ನೂ ನೋಡಿ. ಶಾಕ್ ಮಾಡುವ ರಾಕ್‌ಶಾಕ್ಸ್ ಕಂಪನಿ ಮೆಟ್ರಿಕ್ (ಮಿ.ಮೀ. ಲೆಕ್ಕದ) ಅಳತೆಗಳನ್ನು ತಂದದ್ದು 2016ರಲ್ಲಿ. ಅದಕ್ಕೂ ಹಳೆಯ ಫ್ರೇಮ್‌ಗಳು ಇಂಚಿನ ಲೆಕ್ಕದವು, ಮಿ.ಮೀ.ಗೆ ಬದಲಿಸಿದರೆ 200×57, 216×63 ಹೀಗೆ. "210 ಸಿಗಲಿಲ್ಲ, 216 ಹಾಕಿ ನೋಡೋಣ" ಎನ್ನುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಇನ್ನು ಮೇಲ್ತುದಿಯಲ್ಲಿ ತೂತಿನ ಬದಲು ಎರಡೂ ಬದಿಯಿಂದ ಬೋಲ್ಟ್ ಹಾಕುವ ಟ್ರನಿಯನ್ ಶಾಕ್ ಬೇರೆಯೇ ಜಾತಿ. 185×55, 205×65 ಅದರ ಅಳತೆಗಳು. ತೂತಿನ ಶಾಕ್ ಜಾಗದಲ್ಲಿ ಅದು ಕೂರುವುದಿಲ್ಲ.

ತೂತಿನೊಳಗಿನ ಬುಷ್, ಅದರ ಎರಡು ಬದಿಯ ಸ್ಪೇಸರ್ ಶಾಕ್ ಜೊತೆ ಬರುತ್ತವೆ ಅಂದುಕೊಂಡು ಮೋಸ ಹೋಗುವವರು ತುಂಬ. ಬೋಲ್ಟಿನ ದಪ್ಪ ಮತ್ತು ಫ್ರೇಮಿನಲ್ಲಿ ಶಾಕ್ ಕೂರುವ ಜಾಗದ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಹೆಚ್ಚಾಗಿ ಬೇರೆಯಾಗಿಯೇ ತರಿಸಬೇಕಾಗುತ್ತದೆ. ಹಳೆಯ ಬುಷ್ ಕಿತ್ತು ಹೊಸ ಶಾಕ್‌ಗೆ ಹಾಕುವ ಶಾರ್ಟ್‌ಕಟ್ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕಿತ್ತ ಬುಷ್ ಸವೆದೇ ಇರುತ್ತದೆ. ಹೊಸದನ್ನು ವೈಸ್‌ನಲ್ಲಿ ನೇರವಾಗಿ ಒತ್ತಿ ಕೂರಿಸಿ. ಸುತ್ತಿಗೆ ಮುಟ್ಟಲೇಬೇಡಿ.

ಬಿಚ್ಚುವುದು ಸುಲಭ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಹಳೆಯ ಶಾಕ್‌ನ ಗಾಳಿ ಪೂರ್ತಿ ಬಿಡಿ, ಎರಡು ಬೋಲ್ಟ್ ತೆಗೆಯಿರಿ. ಬೋಲ್ಟ್ ಬಿಗಿಯಾಗಿದ್ದರೆ ಹಿಂದಿನ ಚಕ್ರವನ್ನು ಸ್ವಲ್ಪ ಎತ್ತಿ ಇಳಿಸಿ. ಭಾರ ತಪ್ಪಿದ ಕಡೆ ತಾನಾಗಿ ಜಾರಿ ಬರುತ್ತದೆ.

ಗಾಳಿ ಹಾಕುವ ಮೊದಲು

ಹೊಸ ಶಾಕ್ ಕೂರಿಸಿ, ಗಾಳಿ ತುಂಬಬೇಡಿ. ಗಾಳಿಯ ಬದಲು ಸ್ಪ್ರಿಂಗ್ ಇರುವ ಕಾಯಿಲ್ ಶಾಕ್ ಆದರೆ ಸ್ಪ್ರಿಂಗ್ ತೆಗೆದೇ ಕೂರಿಸಿ. ಈಗ ಹಿಂದಿನ ಚಕ್ರವನ್ನು ಕೊನೆಯವರೆಗೆ, ಇನ್ನು ಹೋಗುವುದಿಲ್ಲ ಅನ್ನುವವರೆಗೆ ಎತ್ತಿ ಹಿಡಿಯಿರಿ. ಟೈರ್ ಪೈಪಿಗೆ ತಾಗುತ್ತದೆಯೇ? ಶಾಕ್‌ಗೆ ಅಂಟಿಕೊಂಡ ಎಣ್ಣೆ ಡಬ್ಬಿ ಫ್ರೇಮಿಗೆ ಉಜ್ಜುತ್ತದೆಯೇ? ಸೀಟು ಪೂರ್ತಿ ಕೆಳಗಿಳಿಸಿದಾಗ ಟೈರ್ ಅದಕ್ಕೆ ಬಡಿಯುತ್ತದೆಯೇ? ನೀರಿನ ಬಾಟಲಿ, ಬ್ರೇಕ್ ಹೋಸ್, ಗೇರ್ ಕೇಬಲ್ ಎಲ್ಲ ನೋಡಿ. ಟೈರ್ ಮತ್ತು ಪೈಪಿನ ನಡುವೆ ಒಂದು ಬೆರಳಾದರೂ ಜಾಗ ಇರಲೇಬೇಕು ಅನ್ನುತ್ತೇನೆ ನಾನು. ಸಕಲೇಶಪುರದ ಕೆಸರು ಟೈರಿಗೆ ಮೆತ್ತಿಕೊಂಡಾಗ ಆ ಜಾಗ ಬೇಕು. ಇದಕ್ಕೆ ಐದು ನಿಮಿಷ ಸಾಕು. ನನ್ನ ಗೆಳೆಯರ ಸೈಕಲ್ಲಿಗೆ ಯಾರೂ ಇಷ್ಟು ಮಾಡಿ ನೋಡಿರಲಿಲ್ಲ.

ಎಲ್ಲ ಸರಿಯಿದ್ದರೆ ಬೋಲ್ಟ್‌ಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್‌ನಿಂದಲೇ (ಬಿಗಿಯನ್ನು ಅಳೆಯುವ ಸ್ಪ್ಯಾನರ್) ಕಟ್ಟಿ.

ಗಾಳಿಗೆ ಶಾಕ್ ಪಂಪ್ ಬೇಕು, ಟೈರಿನ ಪಂಪ್ ನಡೆಯುವುದಿಲ್ಲ. ನಿಮ್ಮ ತೂಕ ಪೌಂಡ್‌ನಲ್ಲಿ ಎಷ್ಟೋ ಅಷ್ಟು ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) ಶುರುಮಾಡಿ. 70 ಕೆ.ಜಿ. ಇದ್ದರೆ ಸುಮಾರು 155. ಒಂದೇ ಸಲಕ್ಕೆ ತುಂಬಬೇಡಿ. ಪ್ರತಿ 50 ಪಿಎಸ್‌ಐಗೆ ನಿಲ್ಲಿಸಿ, ಸೀಟು ಹಿಡಿದು ಹತ್ತು ಸಲ ನಿಧಾನಕ್ಕೆ ಒತ್ತಿ. ಆಗ ಒಳಗಿನ ಎರಡೂ ಕೋಣೆಗಳಿಗೆ ಗಾಳಿ ಸಮನಾಗಿ ಹಂಚಿಕೊಳ್ಳುತ್ತದೆ. ಪಂಪ್ ತೆಗೆಯುವಾಗ ಬುಸ್ ಅನ್ನುವುದು ಪಂಪಿನ ಪೈಪಿನ ಗಾಳಿ, ಶಾಕ್‌ನದ್ದಲ್ಲ. ಮತ್ತೆ ಸಿಕ್ಕಿಸಿದಾಗ ಮುಳ್ಳು ಕಡಿಮೆ ತೋರಿಸುತ್ತದೆ, ಪೈಪಿಗೆ ಒಂದಷ್ಟು ಗಾಳಿ ಹೋಗಿರುತ್ತದೆ ಅಷ್ಟೇ. ಸೋರುತ್ತಿದೆ ಅಂದುಕೊಂಡು ಗಾಬರಿಯಾಗಬೇಡಿ.

ಇನ್ನು ಸ್ಯಾಗ್, ಅಂದರೆ ನಿಮ್ಮ ಭಾರಕ್ಕೇ ಶಾಕ್ ಎಷ್ಟು ಕುಗ್ಗುತ್ತದೆ ಎಂಬುದು. ಹೆಲ್ಮೆಟ್, ಬೂಟು, ನೀರಿನ ಬ್ಯಾಗ್ ಎಲ್ಲ ಹಾಕಿಕೊಂಡೇ ಗೋಡೆ ಹಿಡಿದು ಸೈಕಲ್ ಏರಿ. ಶಾಕ್‌ನ ಲಿವರ್ ಓಪನ್ ಇರಲಿ. ಶಾಕ್‌ನ ದಂಡದ ಮೇಲಿನ ರಬ್ಬರ್ ರಿಂಗನ್ನು ಸೀಲಿಗೆ ತಾಗಿಸಿ, ಕುಲುಕದೆ ಇಳಿಯಿರಿ. ರಿಂಗ್ ಸ್ಟ್ರೋಕಿನ 30% ಸರಿದಿರಬೇಕು. 50 ಮಿ.ಮೀ.ಗೆ 15. ಜಾಸ್ತಿ ಸರಿದರೆ ಗಾಳಿ ಹಾಕಿ, ಕಡಿಮೆಯಾದರೆ ಬಿಡಿ. ರೀಬೌಂಡ್‌ಗೆ, ಅಂದರೆ ಒತ್ತಿದ ಶಾಕ್ ಮತ್ತೆ ಮೇಲೇಳುವ ವೇಗಕ್ಕೆ, ಕೂತುಕೊಂಡೇ ಫುಟ್‌ಪಾತಿನಿಂದ ಇಳಿದು ನೋಡಿ. ಸೀಟು ಒಂದು ಸಲ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಶಾಕ್‌ನ ಕೆಂಪು ರೀಬೌಂಡ್ ಗುಂಡಿಯನ್ನು ಒಂದೊಂದೇ ಕ್ಲಿಕ್ ಬಿಗಿ ಮಾಡಿ.

ಮೊದಲ ರೈಡ್ ಮುಗಿಸಿ ಮನೆಗೆ ಬಂದ ಕೂಡಲೇ ಎರಡೂ ಬೋಲ್ಟ್ ಮತ್ತೊಮ್ಮೆ ನೋಡಿ. ಶಾಕ್‌ನ ದಂಡವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ವಾಟರ್ ಸರ್ವಿಸ್‌ನವರ ಪ್ರೆಷರ್ ಪೈಪ್ ಮಾತ್ರ ಅದರ ಸೀಲಿನ ಹತ್ತಿರ ಬರಲು ಬಿಡಬೇಡಿ.